ಹಡಗಿಗೆ ಹಚ್ಚಿದ ಅರಿಶಿನ

ಶಶಿರೇಖಾಳಿಗೆ ತನ್ನ ಕೈಗಳ ಮೇಲೆ ಅಪಾರ ನಂಬಿಕೆ. ಇರಬೇಕಾದ್ದೇ ಬಿಡಿ. ಆರ್.ಟಿ. ನಗರದ ಡೆಂಟಲ್ ಲ್ಯಾಬಿನಲ್ಲಿ ಅವಳು ಮಾಡಿಕೊಟ್ಟ ಹಲ್ಲುಸೆಟ್ಟುಗಳಿಂದ ಹೆಬ್ಬಾಳದಿಂದ ಯಲಹಂಕದವರೆಗೆ ಎಷ್ಟು ಜನ ಚಕ್ಕುಲಿ ಕಡಿಯುತ್ತಿದ್ದಾರೋ ಲೆಕ್ಕವಿಲ್ಲ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಲ್ಲು ಬಾಯಲ್ಲಿ ಕೂರುವುದಿಲ್ಲ. ಅಂಥದ್ದನ್ನು ದಿನಾ ಕೂರಿಸುವವಳಿಗೆ ಒಂದು ಹಡಗು ಯಾವ ದೊಡ್ಡ ವಿಷಯ? ಹೀಗಂತ ಅವಳೇ ಹೇಳುತ್ತಿದ್ದಳು, ಅದೂ ಕೇಳದಿದ್ದವರಿಗೂ.

ಮರದ ಪುಟ್ಟ ಹಡಗು ಕಟ್ಟುವುದು ಅವಳ ಹವ್ಯಾಸ. ಬಾಗಲಗುಂಟೆಯ ಮನೆಯ ಬಾಲ್ಕನಿಗೆ ಗ್ರಿಲ್ ಹಾಕಿಸಿ, ಅಲ್ಲೊಂದು ಮೇಜು ಹಾಕಿಕೊಂಡು, ಭಾನುವಾರಗಳನ್ನೆಲ್ಲ ಅದಕ್ಕೇ ಬರೆದುಕೊಟ್ಟಿದ್ದಳು. ಮೊದಮೊದಲು ಪೆಟ್ಟಿಗೆಯಲ್ಲಿ ಬರುವ ಹಡಗುಗಳನ್ನು ಮಾಡಿದಳು. ಎಲ್ಲ ತುಂಡೂ ಕತ್ತರಿಸಿ, ನಂಬರು ಹಾಕಿ, ನಕ್ಷೆ ಸಮೇತ ಕೊಟ್ಟಿರುತ್ತಾರೆ, ಅಂಟಿಸಿದರಾಯಿತು. ಹಾಗೆ ಮಾಡಿದ ಒಂದು ಹಡಗನ್ನು ಹೋದ ವರ್ಷ ಯಶವಂತಪುರದ ಸಭಾಂಗಣದಲ್ಲಿ ನಡೆದ ಮಾದರಿಗಾರರ ಪ್ರದರ್ಶನಕ್ಕೆ ಒಯ್ದಿದ್ದಳು. ತೀರ್ಪುಗಾರರು ಶಿವರಾಮ್ ಎನ್ನುವವರು. ಹಡಗು ರಿಪೇರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ, ನಗುವುದಕ್ಕೂ ಅಳತೆ ಇಟ್ಟುಕೊಂಡ ಮನುಷ್ಯ. ಸುತ್ತ ತಿರುಗಿ ನೋಡಿ, “ನೀಟಾಗಿ ಜೋಡಿಸಿದೀರ ಮೇಡಂ” ಎಂದು ಮುಂದಿನ ಮೇಜಿಗೆ ಹೋದರು.

ಜೋಡಿಸುವುದಂತೆ! ಮಕ್ಕಳು ಜೋಡಿಸುತ್ತಾರಲ್ಲ, ಪ್ಲಾಸ್ಟಿಕ್ ಇಟ್ಟಿಗೆ, ಹಾಗೆ. ಆ ಮಾತು ಅವಳಿಗೆ ವರ್ಷವಿಡೀ ಚುಚ್ಚಿತು. ಈ ಸಲ ತಾನೇ ಮರ ಸೀಳಿ, ತಾನೇ ಅಳತೆ ತೆಗೆದು ಕಟ್ಟಿ, ‘ಸ್ವಂತ ನಿರ್ಮಾಣ, ಬಣ್ಣರಹಿತ’ ಎಂಬ ವಿಭಾಗಕ್ಕೆ ಇಟ್ಟು, ಮೊದಲ ಬಹುಮಾನ ತಂದೇ ತರುತ್ತೇನೆ ಎಂದು ನಿಶ್ಚಯಿಸಿದಳು. ಅದೇ ಅತ್ಯಂತ ಕಷ್ಟದ ವಿಭಾಗ. ಅಲ್ಲಿ ಬಣ್ಣ ತಾಗಿಸುವಂತಿಲ್ಲ, ಮೇಣವೊಂದನ್ನು ಸವರಬಹುದು. ಬಣ್ಣವಿದ್ದರೆ ತಪ್ಪು ಮುಚ್ಚಬಹುದು. ಬರೀ ಮರದಲ್ಲಿ ಕಟ್ಟಿದವರ ಬಂಡವಾಳವೆಲ್ಲ ಹೊರಗೇ ಕಾಣುತ್ತದೆ.

ಕಟ್ಟಿದ್ದು ಮಂಜಿಯನ್ನು. ಹಿಂದೆ ನಮ್ಮ ಕರಾವಳಿಯಲ್ಲಿ ಹೆಂಚು, ಅಕ್ಕಿ, ಉಪ್ಪು ಹೇರಿಕೊಂಡು ಹಾಯಿಯ ಬಲದಲ್ಲಿ ಓಡಾಡುತ್ತಿದ್ದ ಸರಕಿನ ಹಡಗು. ಗೋಕರ್ಣಕ್ಕೆ ಹೋದಾಗ ತದಡಿಯ ಹಿನ್ನೀರಿನ ಕೆಸರಲ್ಲಿ ಒಂದು ಹಳೆಯ ಮಂಜಿ ಪಕ್ಕಕ್ಕೆ ಒರಗಿ ಬಿದ್ದಿತ್ತು. ಗಂಡ ವಿರೂಪಾಕ್ಷ ಊಟಕ್ಕೆ ಕರೆದೂ ಕರೆದೂ ಸಾಕಾಗಿ ಒಬ್ಬನೇ ಹೋಗಿ ಮೀನೂಟದ ಹೋಟೆಲಿನಲ್ಲಿ ಅನ್ನ-ಮಜ್ಜಿಗೆ ಉಂಡು ಬಂದ. ಇವಳು ಮೊಣಕಾಲುದ್ದ ಕೆಸರಲ್ಲಿ ನಿಂತು ಟೇಪು ಹಿಡಿದು ಅಳೆಯುತ್ತಲೇ ಇದ್ದಳು.

ಮರ ಚನ್ನಪಟ್ಟಣದ್ದು, ಗೊಂಬೆಗಳಿಗೆ ಬಳಸುವ ಹಾಲೆ ಮರ. ಹಾಲಿನ ಕೆನೆಯಂಥ ಬಣ್ಣ. ಅದನ್ನು ತೆಳ್ಳಗೆ ಹಲಗೆ ಹಲಗೆಯಾಗಿ ಸೀಳಿ, ಬಿಸಿನೀರಿನಲ್ಲಿ ನೆನೆಸಿ, ಬಿಸಿ ಕಬ್ಬಿಣದ ಮೇಲೆ ಬಾಗಿಸಿ, ಹಡಗಿನ ಪಕ್ಕೆಲುಬುಗಳ ಮೇಲೆ ಒಂದೊಂದೇ ಕೂರಿಸಬೇಕು. ಒಂದು ಕೂತು ಒಣಗುವ ತನಕ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಅವಸರದವರ ಕೆಲಸವೇ ಅಲ್ಲ ಅದು. ದಸರಾ ಹೊತ್ತಿಗೆ ತೋಳುದ್ದದ ಮಂಜಿ ಹಾಯಿ ಹಗ್ಗಗಳ ಸಮೇತ ಎದ್ದು ನಿಂತಿತ್ತು. ಮೇಣ ಸವರುವುದೊಂದು ಬಾಕಿ. ಹಬ್ಬದ ಮನೆಯಲ್ಲಿ ಒಗ್ಗರಣೆ ಹೊಗೆ, ಧೂಳು. ಹಸಿ ಮೇಣಕ್ಕೆ ಎಲ್ಲ ಅಂಟುತ್ತದೆ. ಪ್ರದರ್ಶನ ಭಾನುವಾರ, ಶನಿವಾರ ಸವರಿದರಾಯಿತು ಎಂದು ಬಿಟ್ಟಿದ್ದಳು.

ಇನ್ನು ಮನೆಯಲ್ಲಿ ಅತ್ತೆ ನಿಂಗವ್ವ. ಗುಳೇದಗುಡ್ಡದವರು, ಕುಬಸದ ಖಣ ನೇಯ್ದ ಕೈ. ಗಂಡ ಶೇಖರಪ್ಪ ತೀರಿಕೊಂಡ ಮೇಲೆ ಮಗ್ಗ ಮಾರಿ, ಪೀಣ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರಾಗಿದ್ದ ಮಗನ ಮನೆಗೆ ಬಂದು, ಬಂದ ವಾರದಲ್ಲೇ ಬೀದಿಯ ಅರ್ಧ ಹೆಂಗಸರಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದವರು. ಸೊಸೆಯ ಮೇಲೆ ಪ್ರೀತಿ ಇತ್ತು. ಸೊಸೆಯ ಹಡಗುಗಳ ಮೇಲೆ ಇರಲಿಲ್ಲ. “ಗೊಂಬಿ ಕಟಗಿ, ಗೊಂಬಿ ಕೆಲಸ” ಎನ್ನುತ್ತಿದ್ದರು.

ಮಾತಿನಲ್ಲೇ ಮುಗಿದಿದ್ದರೆ ಶಶಿರೇಖಾ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆಯುಧಪೂಜೆ ಇತ್ತಲ್ಲ, ನಿಂಗವ್ವನ ಬಾಯಲ್ಲಿ ಖಂಡೇ ಪೂಜಿ. ಅವತ್ತು ಮನೆಯ ಅನ್ನಕ್ಕೆ ಕೈಜೋಡಿಸಿದ ಸಾಮಾನೆಲ್ಲ ಹಾಲ್‌ನಲ್ಲಿ ಸಾಲಾಗಿ ಕೂರುತ್ತಿತ್ತು. ವಿರೂಪಾಕ್ಷನ ಅಳತೆಯ ಸಾಮಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಶಶಿರೇಖಾಳ ಲ್ಯಾಬಿನ ಬ್ಯಾಗು ಕೂಡ. ಒಂದು ವರ್ಷ ಅವಳು ತನ್ನ ಹಡಗಿನ ಚಾಕು, ಚಿಮಟಗಳನ್ನೂ ಸಾಲಿನಲ್ಲಿ ಇಟ್ಟಿದ್ದಳು. ನಿಂಗವ್ವ ಅವನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, “ಇವು ಆಟದ ಸಾಮಾನವಾ, ಇಲ್ಲಿ ಬ್ಯಾಡ” ಎಂದಿದ್ದರು. ಕೇಳಿ ಹಾಕಿಸಿಕೊಳ್ಳುವ ಕುಂಕುಮ ಯಾರಿಗೆ ಬೇಕು ಎಂದು ಶಶಿರೇಖಾ ಮತ್ತೆಂದೂ ಇಡಲಿಲ್ಲ. ಬೇಜಾರು ಮಾತ್ರ ಹಾಗೇ ಉಳಿಯಿತು.

ಈ ಸಲದ ಆಯುಧಪೂಜೆಯ ದಿನ ಅವಳು ಲ್ಯಾಬಿನ ಪೂಜೆ ಮುಗಿಸಿಕೊಂಡು, ಪುರಿ-ಬೂಂದಿ ಪೊಟ್ಟಣ ಹಿಡಿದು ಮಧ್ಯಾಹ್ನ ಮನೆಗೆ ಬಂದಳು. ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದಿತ್ತು, ಸ್ಕೂಟರಿಗೆ ಬಾಳೆಕಂದು ಕಟ್ಟಿತ್ತು. ಒಳಗೆ ಬಂದರೆ ಪಾತ್ರೆ ತೊಳೆಯುವ ಸೋಪಿನ ವಾಸನೆ. ಹಾಲ್‌ನಲ್ಲಿ ವಿರೂಪಾಕ್ಷ ಒದ್ದೆ ಬಟ್ಟೆ ಹಿಡಿದು, ಕದ್ದು ಸಿಕ್ಕಿಬಿದ್ದವನ ಮುಖ ಮಾಡಿಕೊಂಡು ನಿಂತಿದ್ದ. ಅವನ ಮುಂದೆ, ಮಿಕ್ಸಿಗೂ ಇಸ್ತ್ರಿ ಪೆಟ್ಟಿಗೆಗೂ ನಡುವೆ, ಮಂಜಿ.

ಮೂತಿಯ ಮೇಲೆ ಕುಂಕುಮ. ಹಾಯಿಯ ಮೇಲೆ ಮೂರು ಬೆರಳಿನ ವಿಭೂತಿ. ಎರಡೂ ಮಗ್ಗುಲಿಗೆ ಉದ್ದಕ್ಕೂ ಕೆಂಪು ಕೆಂಪು ಕಲೆ.

“ಏನ್ರೀ ಇದು?”

“ಅವ್ವ ಪೂಜೆ ಮಾಡ್ಯಾಳ” ಎಂದ ವಿರೂಪಾಕ್ಷ. “ನಾ ಫ್ಯಾಕ್ಟರಿಯಿಂದ ಬರೋದ್ರೊಳಗೆ ಹಚ್ಚಿಬಿಟ್ಟಿದ್ಲು. ಬಣ್ಣ ಇರಬಾರದು ಅಂತಿದ್ದೆಲ್ಲ ನೀನು? ಅದಕ್ಕೆ ನೀ ಬರೋಷ್ಟರಲ್ಲಿ ಒರೆಸಿಬಿಡೋಣ ಅಂತ ಸೋಪು ಹಾಕಿದೆ. ಹಳದಿ ಇದ್ದಿದ್ದು ಹಿಂಗೆ ಕೆಂಪಾಗಿಬಿಡ್ತು.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಪುಣ್ಯಾತ್ಮ.

“ಅರಿಶಿನಕ್ಕೆ ಸೋಪು ತಾಗಿದ್ರೆ ಕೆಂಪಾಗುತ್ತೆ ಅಂತ ಬಟ್ಟೆ ಒಗೆಯೋ ಎಲ್ರಿಗೂ ಗೊತ್ತು ಕಣ್ರೀ! ನೀವು ಯಾವತ್ತಾದ್ರೂ ಒಂದು ಕರ್ಚೀಫು ಒಗೆದಿದ್ರೆ ನಿಮಗೂ ಗೊತ್ತಿರ್ತಿತ್ತು!”

ಅವಳಿಗೆ ಎಂಥ ಕೋಪ ಬಂತೆಂದರೆ, ಕೈಯಲ್ಲಿದ್ದ ಪೊಟ್ಟಣ ಎಸೆದ ರಭಸಕ್ಕೆ ಪುರಿಯೆಲ್ಲ ಹಾಲ್ ತುಂಬ ಹರಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗಾಗಿತ್ತು. ದೇವರ ಮನೆಯ ಬಾಗಿಲಲ್ಲಿ ನಿಂಗವ್ವ ಅರಿಶಿನದ ಬಟ್ಟಲು ಹಿಡಿದುಕೊಂಡೇ ನಿಂತಿದ್ದರು. ಗಂಡನಿಗೆ ಬೈದ ಹಾಗೆ ಅತ್ತೆಗೆ ಬೈಯುವುದಕ್ಕಾಗುತ್ತದೆಯೇ? ಶಶಿರೇಖಾ ಹಲ್ಲು ಕಚ್ಚಿಕೊಂಡಳು. ಅವರಿಗೆ ಬಣ್ಣದ ನಿಯಮ ಯಾರೂ ಹೇಳಿರಲಿಲ್ಲ, ಆಟದ ಸಾಮಾನು ಎನ್ನುವವರಿಗೆ ಅದರ ನಿಯಮವೇಕೆಂದು ಅವಳೂ ಹೇಳಲು ಹೋಗಿರಲಿಲ್ಲ.

ಕೋಪ ಇಳಿಯುವ ತನಕ ಕಾಯುವಷ್ಟು ವ್ಯವಧಾನ ಇರಲಿಲ್ಲ. ಅಡುಗೆಮನೆಗೆ ಹೋಗಿ ನಿಂಬೆಹಣ್ಣು ಹೆಚ್ಚಿ ತಂದಳು. ಹತ್ತಿ ಸುತ್ತಿದ ಕಡ್ಡಿಯನ್ನು ರಸದಲ್ಲಿ ಅದ್ದಿ ಕಲೆಗಳ ಮೇಲೆ ಆಡಿಸಿದಳು. ಕೆಂಪು ಹಿಂದೆ ಸರಿದು ಮತ್ತೆ ಹಳದಿಯಾಯಿತು. ವಿರೂಪಾಕ್ಷ “ಅರೆ!” ಎಂದು ಬಗ್ಗಿ ನೋಡಿದ, “ನೀವು ಆಚೆ ನಿಂತ್ಕೊಳ್ಳಿ” ಎಂದು ಗದರಿದಳು. ವಿಭೂತಿ ಒಣಬ್ರಷ್ಷಿಗೆ ಉದುರಿತು. ಉಳಿದದ್ದು ಹಳದಿ. ಅರಿಶಿನಕ್ಕೆ ಬಿಸಿಲೆಂದರೆ ಆಗುವುದಿಲ್ಲ, ಎರಡು ಮೂರು ದಿನ ಒಳ್ಳೆಯ ಬಿಸಿಲು ಬಿದ್ದರೆ ಅದು ತಾನಾಗಿ ಓಡಿಹೋಗುತ್ತದೆ. ಕಲೆಯ ಮಟ್ಟಿಗೆ ಅವಳಿಗೆ ಧೈರ್ಯ ಬಂತು. ಮೋಡದ ಮಟ್ಟಿಗೆ ದೇವರೇ ಗತಿ.

ವಿಜಯದಶಮಿಯ ಬೆಳಿಗ್ಗೆ ಬಿಸಿಲು ಚೆನ್ನಾಗಿಯೇ ಏರಿತು. ಹಡಗನ್ನು ಮಹಡಿಗೆ ಒಯ್ದರೆ ಅಲ್ಲಿ ಆಗಲೇ ನಿಂಗವ್ವ ಚಾಪೆ ಹಾಸಿ ಕೂತಿದ್ದರು. ಕೈಯಲ್ಲಿ ಕಾಗೆ ಓಡಿಸುವ ಕೋಲು, ಪಕ್ಕದಲ್ಲಿ ಹಳೆಯ ಇಳಕಲ್ ಸೀರೆ.

“ಎಲ್ಲಿ ಕಲಿ ಐತಿ ಅಲ್ಲಷ್ಟ ಬಿಸಲ ಬೀಳ್ಬೇಕು, ಹೌದಿಲ್ಲೋ? ಉಳದದ್ದು ಒಣಗಿ ಬಿರಕ ಬಿಟ್ಟೀತು. ನಾ ಸೀರಿ ಮುಚ್ಕೋತ ಕೂಡತೀನಿ. ನೀ ಹೋಗಿ ಹೋಳಿಗಿ ನೋಡು.”

ಶಶಿರೇಖಾ ಹೋಗಲಿಲ್ಲ, ಅತ್ತೆಯ ಪಕ್ಕದಲ್ಲೇ ಕೂತಳು. ಸೂರ್ಯ ಸರಿದಂತೆ ನಿಂಗವ್ವ ಸೀರೆಯ ನೆರಳನ್ನು ಸರಿಸುತ್ತಿದ್ದರು. ತಾವು ಭಕ್ತಿಯಿಂದ ಹಚ್ಚಿದ್ದು ಮಾಯವಾಗಲೆಂದು ತಾವೇ ಕಾವಲು ಕೂತಿದ್ದ ಆ ಮುಖವನ್ನು ನೋಡಿದಾಗ, ನಿನ್ನೆಯಿಂದ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

“ಅತ್ತೆ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಆಟದ ಸಾಮಾನು ಅಂತಿದ್ರಿ. ಈ ವರ್ಷ ಮಾತ್ರ ಯಾಕೆ ಹಚ್ಚಿದ್ರಿ?”

ನಿಂಗವ್ವ ಕಾಗೆಯಿಲ್ಲದ ಕಡೆಗೆ ಕೋಲು ಬೀಸಿದರು.

“ಶ್ರಾವಣದಾಗ ಒಂದಿನ ನೀ ಇದರ ಒಳಗಿನ ಹಲಗಿ ಕಿತ್ತಿದ್ದಿ. ನೆನಪೈತೇನು?”

ನೆನಪಿತ್ತು. ತಳದ ಒಂದು ಹಲಗೆ ಪಕ್ಕೆಲುಬಿಗೆ ಸರಿಯಾಗಿ ಕಚ್ಚಿರಲಿಲ್ಲ. ಬೆರಳಿಗಷ್ಟೇ ಗೊತ್ತಾಗುವ ಉಬ್ಬು.

“ಮ್ಯಾಲ ಅಟ್ಟ ಬರ್ತೈತಿ, ಮುಚ್ಚಿ ಹೋಗತೈತಿ, ಯಾರಿಗೂ ಕಾಣಂಗಿಲ್ಲ ಬಿಡು ಅಂದ ವಿರೂಪಾಕ್ಷ. ಕಾಣದೇ ಇದ್ರೇನು, ಅದು ಅಲ್ಲೇ ಇರುತ್ತಲ್ಲ ಅಂದಿ ನೀನು. ಅಂದು, ಕಿತ್ತಿ. ಅದರ ಸಂಗಾಟ ಬಾಜೂಕಿನ ಎರಡು ಹಲಗೀನೂ ಮುರದು ಹೋದುವು. ಆದ್ರೂ ಕಿತ್ತಿ.” ನಿಂಗವ್ವ ಈಗ ಸೊಸೆಯ ಕಡೆ ತಿರುಗಿದರು. “ಮಗ್ಗದಾಗ ಎಳಿ ತಪ್ಪಿದ್ರ ಹಂಗ ನೇಕೋತ ಹೋಗಾವ್ರು ಭಾಳ ಮಂದಿ. ನನ್ನ ಅತ್ತಿ ಬಿಡ್ತಿದ್ದಿಲ್ಲ. ಬಿಚ್ಚಸ್ತಿದ್ಲು. ನೇದದ್ದು ಬಿಚ್ಚೂವಾಗ ನಾ ಅಳ್ತಿದ್ನಿ. ಆಟ ಆಡಾವ್ರು ಬಿಚ್ಚಂಗಿಲ್ಲವಾ ಶಶಿ. ಕೆಲಸ ಮಾಡಾವ್ರು ಬಿಚ್ಚತಾರ. ಅವತ್ತ ನೋಡೀನಿ ನಾ. ಖಂಡೇ ಪೂಜಿ ಬರ್ಲಿ ಅಂತ ಅವತ್ತಿಂದ ಕಾದೀನಿ.”

ಶಶಿರೇಖಾಳಿಗೆ ಅಳು ಬಂತು. ಬಂದದ್ದನ್ನು ಬಿಸಿಲಿನ ಮೇಲೆ ಹಾಕಿ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ತಾನು ಬೇಡವೆಂದುಕೊಂಡೇ ಬಯಸಿದ್ದು, ಬರುವುದು ಬಂದು, ಬರಬಾರದ ವಾರದಲ್ಲೇ ಬರಬೇಕೆ?

ಶನಿವಾರದ ಹೊತ್ತಿಗೆ ಹಳದಿ ಹೇಳಹೆಸರಿಲ್ಲದೆ ಹೋಗಿತ್ತು. ಉಳಿದದ್ದು ಮೂತಿಯ ಕುಂಕುಮ. ಅದು ಅಂಗಡಿಯ ಕುಂಕುಮ; ಏನು ಬಣ್ಣ ಬೆರೆಸಿರುತ್ತಾರೋ, ನಿಂಬೆಗೂ ಜಗ್ಗಲಿಲ್ಲ, ಬಿಸಿಲಿಗೂ ಬಗ್ಗಲಿಲ್ಲ. ಮೇಲಿನ ಹಲಗೆಯ ತುದಿ ಅದನ್ನು ಆಳಕ್ಕೆ ಕುಡಿದುಬಿಟ್ಟಿತ್ತು. ಕೆರೆಯೋಣವೆಂದರೆ ಹಲಗೆಯೇ ಉಗುರಿನಷ್ಟು ತೆಳ್ಳಗೆ. ಉಳಿದ ದಾರಿ ಒಂದೇ. ಆ ಹಲಗೆ ಕಿತ್ತು ಹೊಸದನ್ನು ಕೂರಿಸಬೇಕು.

ಶಶಿರೇಖಾ ಚಾಕು ಕೈಗೆ ತೆಗೆದುಕೊಂಡಳು. ಕೆಳಗಿಟ್ಟಳು. ಮತ್ತೆ ತೆಗೆದುಕೊಂಡಳು. ಜೀವಮಾನದಲ್ಲಿ ಅವಳ ಕೈ ಹಾಗೆ ಹಿಂಜರಿದದ್ದೇ ಇಲ್ಲ. ಬಹುಮಾನ ಬೇಕು, ಸುಳ್ಳೇಕೆ, ಬೇಕೇ ಬೇಕು. ಆದರೆ ಶ್ರಾವಣದಿಂದ ಕಾದು ಹಚ್ಚಿದ ಕುಂಕುಮವನ್ನು ಕತ್ತರಿಸಿ ತೆಗೆಯುವುದು ಹೇಗೆ? ‘ಬಣ್ಣ ಹಚ್ಚಿದ’ ವಿಭಾಗಕ್ಕೆ ಇಟ್ಟರಾಯಿತು ಎಂದೂ ಒಂದು ಗಳಿಗೆ ಅನ್ನಿಸಿತು.

“ಏನು ನೋಡಾಕತ್ತಿ?” ಬಾಲ್ಕನಿಯ ಬಾಗಿಲಲ್ಲಿ ನಿಂಗವ್ವ ನಿಂತಿದ್ದರು.

“ಇರಲಿ ಬಿಡಿ ಅತ್ತೆ. ನೀವು ಹಚ್ಚಿದ್ದು. ಬೇರೆ ವಿಭಾಗದಲ್ಲಿ ಇಡ್ತೀನಿ.”

“ಯಾಕ? ಯಾರಿಗೂ ಕಾಣದ ಹಲಗಿ ಕಿತ್ತಾಕಿ, ಎಲ್ಲಾರಿಗೂ ಕಾಣೂ ಹಲಗಿ ಕೀಳಾಕ ಹೆದರ್ತಿಯೇನು? ಕುಂಕಮ ಹಚ್ಚಿದ್ದು ನಿನ್ನ ಕೆಲಸಕ್ಕವಾ, ಕಟಗಿಗೆ ಅಲ್ಲ.” ಮೇಜಿನ ಹತ್ತಿರ ಬಂದು ಹಡಗನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡರು. “ಹಿಡದೀನಿ. ಕೀಳು.”

ಶಶಿರೇಖಾ ಕಿತ್ತಳು. ಕಿತ್ತ ತುಂಡನ್ನು ಕಸಕ್ಕೆ ಹಾಕುವಂತಿಲ್ಲ, ಯಾರಾದರೂ ತುಳಿದಾರು. ನಿಂಗವ್ವ ಅದನ್ನು ತುಳಸಿಯ ಕುಂಡದ ಮಣ್ಣಿಗೆ ಸೇರಿಸಿ ಬಂದರು. ಶಶಿರೇಖಾ ಅದೇ ಮರದ ಉಳಿಕೆಯಿಂದ ಹೊಸ ಹಲಗೆ ಸೀಳಿ, ನೆನೆಸಿ, ಬಾಗಿಸಿ, ಕೂರಿಸಿದಳು. ವಿರೂಪಾಕ್ಷ ಪ್ರಾಯಶ್ಚಿತ್ತಕ್ಕೆಂದು ಕಾಫಿ ಮಾಡಿ ತಂದುಕೊಟ್ಟ, ಏನನ್ನೂ ಮುಟ್ಟದೆ ವಾಪಸು ಹೋದ. ಹಲಗೆ ಹಲ್ಲಿನ ಹಾಗೆ ಕಚ್ಚಿ ಕೂತಿತು. ಮೇಣವನ್ನೂ ಸವರಿದ್ದಾಯಿತು. ಒಂದೇ ಒಂದು ಕೊರತೆ. ಉಳಿದ ಹಲಗೆಗಳು ತಿಂಗಳುಗಟ್ಟಲೆ ಗಾಳಿ ಬೆಳಕಿಗೆ ಕೊಂಚ ಮಾಗಿದ್ದವು, ಹೊಸದು ಹಸಿ ಬಿಳುಪು. ಸುಮ್ಮನೆ ನೋಡುವವರಿಗೆ ಗೊತ್ತಾಗದು. ಶಿವರಾಮ್ ಸುಮ್ಮನೆ ನೋಡುವವರಲ್ಲ.

ಭಾನುವಾರ ಯಶವಂತಪುರದ ಸಭಾಂಗಣಕ್ಕೆ ನಿಂಗವ್ವ ಕೆಂಪು-ಬಿಳಿ ಟೋಪಿನ ಸೆರಗಿನ ಹೊಸ ಇಳಕಲ್ ಉಟ್ಟು ಬಂದರು. ಹಡಗನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದದ್ದೂ ಅವರೇ. ಮಗನ ಕೈಗೆ ಕೊಡಲಿಲ್ಲ. ಶಿವರಾಮ್ ಟಾರ್ಚು, ಭೂತಗನ್ನಡಿ ಹಿಡಿದು ಬಂದವರು ಮಂಜಿಯ ಮುಂದೆ ಬಹಳ ಹೊತ್ತು ನಿಂತರು. ಅಟ್ಟದಲ್ಲಿ ಸರಕು ಇಳಿಸಲು ಬಿಟ್ಟ ಕಿಂಡಿಯಿಂದ ಒಳಗೆ ಬೆಳಕು ಬಿಟ್ಟು ತಳದ ಹಲಗೆಗಳನ್ನೂ ನೋಡಿದರು. “ಹಲಗೆ ಕೆಲಸ ಬಹಳ ಚೆನ್ನಾಗಿದೆ ಮೇಡಂ. ಎಲ್ಲಿ ಕಲಿತ್ರಿ?”

“ಹಲ್ಲು ಮಾಡ್ತೀನಿ ಸಾರ್. ಕೂರಿಸೋದು ಗೊತ್ತು.”

ಆಮೇಲೆ ಅವರ ಟಾರ್ಚು ಮೂತಿಯ ಹತ್ತಿರ ಬಂದು ನಿಂತಿತು. “ಈ ಹಲಗೆ ಈಚೆಗೆ ಬದಲಾಯಿಸಿದ್ದಲ್ವ?”

ಬೇರೆ ಮರದ ತುಂಡು, ಬೇಕಂತಲೇ ಹಾಕಿದ್ದು, ಹೀಗೆ ಏನಾದರೂ ಹೇಳಬಹುದಿತ್ತು. ಶಶಿರೇಖಾ ನೇರವಾಗಿ, “ಹೌದು ಸಾರ್, ನಿನ್ನೆ. ಆಯುಧಪೂಜೆಗೆ ನಮ್ಮತ್ತೆ ಕುಂಕುಮ ಇಟ್ಟಿದ್ರು. ಹೋಗ್ಲಿಲ್ಲ, ಕಿತ್ತು ಹೊಸದು ಹಾಕಿದೆ” ಎಂದಳು. ಶಿವರಾಮ್ ಅಳತೆ ಮೀರಿ ನಕ್ಕರು. ಆದರೆ ನಗು ಬೇರೆ, ಅಂಕ ಬೇರೆ. ಮರದ ಬಣ್ಣ ಒಂದೇ ಸಮ ಇರಬೇಕೆಂಬುದು ಆ ವಿಭಾಗದ ನಿಯಮ, ಅದರಲ್ಲಿ ಅವರು ಬಿಡಲಿಲ್ಲ. ಮಧ್ಯಾಹ್ನ ಫಲಿತಾಂಶ ಕೂಗಿದಾಗ ಮೊದಲ ಬಹುಮಾನ ಥಣಿಸಂದ್ರದ ಜೀಷಾನ್ ಎಂಬ ಹುಡುಗನ ಹಾಯಿಹಡಗಿಗೆ ಹೋಯಿತು. ಮಂಜಿಗೆ ಎರಡನೆಯದು.

ಶಶಿರೇಖಾಳಿಗೆ ಬೇಸರವಾಯಿತು. ಇಲ್ಲವೆಂದರೆ ಸುಳ್ಳಾದೀತು. ಜೀಷಾನನ ಹಡಗನ್ನು ನೋಡಿದಳು. ಅದೂ ಒಳ್ಳೆಯ ಕೆಲಸವೇ. ಮುಂದಿನ ವರ್ಷ ನೋಡಿಕೊಳ್ಳೋಣ ಎಂದು ಮನಸ್ಸಿನಲ್ಲೇ ಸೀರೆ ಬಿಗಿದು, ಬಹುಮಾನ ತೆಗೆದುಕೊಂಡು ವೇದಿಕೆಯಿಂದ ಕೆಳಗಿಳಿದಳು. ಅಷ್ಟರಲ್ಲಿ ಸಭಾಂಗಣದ ಆ ಮೂಲೆಯಿಂದ ದನಿ ಕೇಳಿಸಿತು.

“ಯಾಕ್ರಿ ಸಾಹೇಬ್ರ, ಎರಡನೇದು ಯಾಕ?”

ನಿಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಶಿವರಾಮರನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡಿದ್ದರು.

“ಅಮ್ಮ, ಬಣ್ಣ ಒಂದೇ ಸಮ ಇರ್ಬೇಕು ಅಂತ ರೂಲ್ಸು...”

“ಕೆಡಿಸಿದಾಕಿ ನಾನು! ನನಗ ದಂಡ ಹಾಕ್ರಿ, ಆಕಿಗ್ಯಾಕ? ಒಂದ ದಿನದಾಗ ಕಿತ್ತು ಕೂಡಿಸ್ಯಾಳ, ಕೂದಲ ಹೊಗತೈತೇನು ಸಂದಿನ್ಯಾಗ? ಹಾಕಿ ನೋಡ್ರಿ! ಮತ್ತ ಇಲ್ನೋಡ್ರಿ, ಈ ಮೊದಲನೇ ನಂಬರಿನ ಹಡಗಿನ ಹಗ್ಗ ಜೋಲು ಬಿದ್ದಾವು!”

“ಅಜ್ಜಿ, ಅದು ಸಡಿಲಾನೇ ಇರ್ಬೇಕಾದ ಹಗ್ಗ” ಎಂದ ಜೀಷಾನ್, ಪಾಪ.

“ನೀ ಸುಮ್ನಿರಪಾ. ನಿಂದೂ ಚೊಲೋ ಐತಿ. ಆದ್ರ ನಮ್ಮ ಹಡಗ ನೋಡು. ನಮ್ಮ ಹಡಗದ ತಳ ನೋಡು! ಯಾರಿಗೂ ಕಾಣದ ಜಾಗಾದಾಗ ಹೆಂಗ ಮಾಡ್ಯಾಳ ನೋಡು!”

ಜನ ಸೇರಿದರು. ಒಬ್ಬರ ಹಿಂದೊಬ್ಬರು ಬಗ್ಗಿ ಮಂಜಿಯ ತಳಕ್ಕೆ ಮೊಬೈಲಿನ ಬೆಳಕು ಬಿಟ್ಟು ನೋಡತೊಡಗಿದರು. ವಿರೂಪಾಕ್ಷ ಬೆವರುತ್ತ ಹೆಂಡತಿಯ ಹತ್ತಿರ ಓಡಿಬಂದ. “ಅವ್ವನ್ನ ಕರ್ಕೊಂಡು ಬಾ ಮಾರಾಯ್ತಿ, ಮಾನ ಹೋಗ್ತಿದೆ.”

ಅತ್ತೆಯ ತೋಳು ಹಿಡಿದು ಎಳೆದುಕೊಂಡು ಬರುವುದಕ್ಕೆಂದೇ ಶಶಿರೇಖಾ ಹೊರಟಳು. ನಾಲ್ಕು ಹೆಜ್ಜೆ ಹಾಕಿದವಳು ನಿಂತಳು. ಖಾಲಿ ಕುರ್ಚಿಯೊಂದನ್ನು ಹತ್ತಿರಕ್ಕೆಳೆದು, ಆ ಮೂಲೆ ಚೆನ್ನಾಗಿ ಕಾಣುವ ಹಾಗೆ ಹಾಕಿಕೊಂಡು ಕೂತಳು.

“ತಡೀರಿ” ಎಂದಳು ಗಂಡನಿಗೆ. “ಇನ್ನೂ ಸ್ವಲ್ಪ ಹೊತ್ತು ಜಗಳ ಆಡ್ಲಿ.”